‘7 ಕೋಟಿ’ ಅನ್ನುವುದು ಅಂದಾಜಾ, ಮೇಲ್ಮಿತಿಯಾ?

ಕೂರ್ಮಗಡ (ಕಾರವಾರ)

ಗಣಿತ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ. ಮಗಳು ಬಿಎಸ್ಸಿ ಓದುತ್ತಿದ್ದಾಳೆ. ಅವಿಭಾಜ್ಯ ಸಂಖ್ಯೆಗಳ ಮೇಲೆ ಸೆಮಿನಾರ್ ಇದೆಯಂತೆ. ಅವಳ ನೋಟ್ಸ್ ಮೇಲೆ ಕಣ್ಣಾಡಿಸಿದೆ. 3 ಮತ್ತು 5, 11 ಮತ್ತು 13, 41 ಮತ್ತು 43. ಹೀಗೆ ಬರೀ ಎರಡರ ಅಂತರ ಇರುವ ಅವಿಭಾಜ್ಯ ಜೋಡಿಗಳು ಎಷ್ಟು ಮುಂದೆ ಹೋದರೂ ಸಿಗುತ್ತಲೇ ಇರುತ್ತವೆ ಎಂದು ಎಲ್ಲರೂ ನಂಬಿದ್ದಾರೆ, ಸಾಬೀತು ಮಾಡಿದವರಿಲ್ಲ. 2013ರಲ್ಲಿ ಯಿಟಾಂಗ್ ಝಾಂಗ್ ಎನ್ನುವವರು, 7 ಕೋಟಿಗಿಂತ ಕಡಿಮೆ ಅಂತರದ ಜೋಡಿಗಳು ಮುಗಿಯುವುದೇ ಇಲ್ಲ ಎಂದು ತೋರಿಸಿದರು. ಗಣಿತದವರೆಲ್ಲ ಕುಣಿದಾಡಿದರು.

ನಾನು ಕಂಟ್ರಾಕ್ಟ್ ಕೆಲಸ ಮಾಡಿದವನು. ಉತ್ತರ 2 ಇರಬಹುದು ಅನ್ನುವ ಕಡೆ 7 ಕೋಟಿ ಹೇಳುವುದು ಯಾವ ಸೀಮೆಯ ಎಸ್ಟಿಮೇಟ್ ಮಾರಾಯ್ರೆ? ಮರುವರ್ಷವೇ ಅದು 246ಕ್ಕೆ ಇಳಿದಿದೆ ಬೇರೆ. ಹಾಗಾದರೆ ಮೊದಲಿನ ಲೆಕ್ಕ ತಪ್ಪು ತಾನೆ? ಮಗಳನ್ನು ಕೇಳಿದರೆ “ಅಪ್ಪಾ, ಅದು ಅಂದಾಜಲ್ಲ” ಎಂದು ಹೇಳಿ ಎದ್ದು ಹೋದಳು.

ಶಾಲ್ಮಲಾ (ಶಿರಸಿ)

ಮಗಳು ಸರಿಯಾಗಿಯೇ ಹೇಳಿದ್ದಾಳೆ. ನಾನು ಗಣಿತ ಪಾಠ ಮಾಡುವವನು, ಹಾಗಾಗಿ ಸ್ವಲ್ಪ ಉದ್ದವಾದರೆ ಬೇಜಾರು ಮಾಡ್ಕೋಬೇಡಿ.

ಸಂಖ್ಯೆಗಳು ದೊಡ್ಡದಾದ ಹಾಗೆ ಅವಿಭಾಜ್ಯಗಳು ವಿರಳವಾಗುತ್ತವೆ. 1000ದ ಆಸುಪಾಸಿನಲ್ಲಿ ಸರಾಸರಿ ಅಂತರ ಸುಮಾರು 7. ಒಂದು ಲಕ್ಷ ಕೋಟಿಯ ಹತ್ತಿರ ಸುಮಾರು 28. ಇನ್ನೂ ಮುಂದೆ ಹೋದರೆ ಸರಾಸರಿ ಅಂತರ ಎಷ್ಟು ಬೇಕಾದರೂ ಬೆಳೆಯುತ್ತದೆ. ಹಾಗಿರುವಾಗ, ಒಂದು ಹಂತ ದಾಟಿದ ಮೇಲೆ ಹತ್ತಿರದ ಜೋಡಿಗಳೇ ನಿಂತುಹೋಗಿಬಿಟ್ಟರೆ? 2 ಬಿಡಿ, ಸಾವಿರ ಅಂತರದ್ದೂ ನಿಂತುಹೋದರೆ? ಹಾಗಾಗುವುದಿಲ್ಲ ಎಂದು 2013ರ ತನಕ ಯಾರ ಕೈಲೂ ಸಾಬೀತು ಮಾಡಲು ಆಗಿರಲಿಲ್ಲ. ಕೋಟಿ ಕೋಟಿ ಅಂತರಕ್ಕೂ ಆಗಿರಲಿಲ್ಲ.

ಎಂದೂ ಮುಗಿಯದೆ ಸಿಗುತ್ತಲೇ ಇರುವ ಜೋಡಿಗಳ ಅತಿ ಚಿಕ್ಕ ಅಂತರ ಎಷ್ಟು ಅನ್ನುವುದು ಪ್ರಶ್ನೆ. ಝಾಂಗ್ “ಉತ್ತರ 7 ಕೋಟಿ ಇರಬಹುದು” ಎನ್ನಲಿಲ್ಲ. “ಉತ್ತರ ಎಷ್ಟೇ ಇರಲಿ, 7 ಕೋಟಿ ದಾಟುವುದಿಲ್ಲ” ಎಂದರು. ತಮ್ಮ ಲೆಕ್ಕ ಒರಟಾಗಿದೆ, ಇನ್ನೂ ಬಿಗಿ ಮಾಡಬಹುದು ಎಂದು ಆ ಲೇಖನದಲ್ಲೇ ಬರೆದಿದ್ದಾರೆ. ಟೆರೆನ್ಸ್ ಟಾವೊ ಜೊತೆ ಒಂದಿಷ್ಟು ಜನ ಸೇರಿ ಅದನ್ನು 4680ಕ್ಕೆ ಇಳಿಸಿದರು. 2013ರ ಕೊನೆಗೆ ಜೇಮ್ಸ್ ಮೇನಾರ್ಡ್ ಬೇರೆ ದಾರಿ ಹಿಡಿದು 600ಕ್ಕೆ ತಂದರು. 2014ರಲ್ಲಿ 246 ಆಯಿತು. ಇದರಲ್ಲಿ ಯಾವುದೂ ಹಿಂದಿನದ್ದನ್ನು ಸುಳ್ಳು ಮಾಡಲಿಲ್ಲ. 246 ದಾಟುವುದಿಲ್ಲ ಅಂದ ಮೇಲೆ 7 ಕೋಟಿಯನ್ನೂ ದಾಟುವುದಿಲ್ಲ ಅಲ್ವಾ? ಇವತ್ತಿಗೂ ಝಾಂಗ್ ಮಾತು ಅಕ್ಷರಶಃ ನಿಜ.

ಅಂದಾಜು ಬೇಕಿದ್ದರೆ ಅದೂ ಇದೆ. ಹಾರ್ಡಿ ಮತ್ತು ಲಿಟಲ್‌ವುಡ್ 1923ರಲ್ಲೇ ಅವಳಿ ಅವಿಭಾಜ್ಯಗಳ (ಅಂತರ 2 ಇರುವ ಜೋಡಿಗಳ) ಸಂಖ್ಯೆಗೆ ಒಂದು ಸೂತ್ರ ಕೊಟ್ಟರು. 10 ಲಕ್ಷದ ಒಳಗೆ ಎಷ್ಟು ಜೋಡಿ ಎಂದು ಕೇಳಿದರೆ ಆ ಸೂತ್ರ 8248 ಎನ್ನುತ್ತದೆ. ಎಣಿಸಿದರೆ ಇರುವುದು 8169. ಶೇಕಡಾ ಒಂದರಷ್ಟೂ ವ್ಯತ್ಯಾಸವಿಲ್ಲ. ಆದರೆ ಆ ಸೂತ್ರ ಕೊನೆ ತನಕ ಸರಿ ಹೋಗುತ್ತದೆ ಎನ್ನಲು ಪುರಾವೆ ಇಲ್ಲ. ಅದೇ ಸಂಖ್ಯೆಗೆ ಪುರಾವೆ ಇರುವ ಮೇಲ್ಮಿತಿ ಬೇಕೆಂದರೆ, ದೊಡ್ಡ ಸಂಖ್ಯೆಗಳಿಗೆ ಸೆಲ್ಬರ್ಗ್ ಜರಡಿ (ಭಾಗವಾಗುವ ಸಂಖ್ಯೆಗಳನ್ನು ಸೋಸಿ ಉಳಿದದ್ದನ್ನು ಎಣಿಸುವ ವಿಧಾನ) ಕೊಡುವುದು ಈ ಅಂದಾಜಿನ ಸುಮಾರು 8 ಪಟ್ಟು. 1966ರಲ್ಲಿ ಬೊಂಬಿಯೇರಿ ಮತ್ತು ಡ್ಯಾವೆನ್‌ಪೋರ್ಟ್ ಅದನ್ನು 4 ಪಟ್ಟಿಗೆ ಇಳಿಸಿದರು. ಒಂದು ಹತ್ತಿರವಿದೆ, ಖಾತ್ರಿ ಇಲ್ಲ. ಇನ್ನೊಂದು ದೂರವಿದೆ, ಖಾತ್ರಿ ಇದೆ.

ಕೂರ್ಮಗಡ (ಕಾರವಾರ)

ಮೇಷ್ಟ್ರೇ, ಅರ್ಥ ಆಯಿತು, ಒಪ್ಪಿಗೆ ಆಗಲಿಲ್ಲ. ನನ್ನ ವಯಸ್ಸು 1000 ವರ್ಷ ದಾಟುವುದಿಲ್ಲ. ಇದೂ ಖಾತ್ರಿ. ನನಗೆ ಯಾರೂ ಪದಕ ಕೊಡಲಿಲ್ಲವಲ್ಲ!

ಬೆಟ್ಟೆ ಅಡಿಕೆ (ಸಿದ್ದಾಪುರ)

ಗಣಿತ ನಮಗೆ ದೂರ, ಆದರೆ ಈ ಎರಡು ಲೆಕ್ಕವನ್ನೂ ಪ್ರತಿ ವರ್ಷ ಮಾಡುತ್ತೇವೆ.

ಮರದ ಮೇಲಿರುವ ಫಸಲನ್ನು ಗುತ್ತಿಗೆ ಹಿಡಿಯುವವನು ಬಂದರೆ ತೋಟದಲ್ಲಿ ಅಡ್ಡಾಡುತ್ತಾನೆ. ಅಲ್ಲೊಂದು ಇಲ್ಲೊಂದು ಮರ ನೋಡುತ್ತಾನೆ. ತಲೆ ಎತ್ತಿ ಕೊನೆ (ಅಡಿಕೆ ಗೊನೆ) ಎಣಿಸುತ್ತಾನೆ. ಕಾಯಿ ಹೇಗೆ ಕಟ್ಟಿದೆ ನೋಡುತ್ತಾನೆ. ಕೊನೆಗೆ “ಇಷ್ಟು ಕ್ವಿಂಟಲ್” ಎನ್ನುತ್ತಾನೆ. ಅದು ಅಂದಾಜು. ಜಾಸ್ತಿ ಬಂದರೆ ಅವನಿಗೆ ಲಾಭ, ಕಡಿಮೆ ಬಂದರೆ ಲುಕ್ಸಾನು. ಎರಡೂ ಕಡೆ ಹೋಗಬಹುದು, ಅದಕ್ಕೇ ಅದು ವ್ಯಾಪಾರ.

ಅಡಿಕೆ ಒಣಗಿಸಲು ಅಂಗಳದಲ್ಲಿ ಅಟ್ಟ ಹಾಕುವಾಗ ಆ ಅಂದಾಜು ಹಿಡಿದುಕೊಂಡು ಹೊರಟರೆ ಕಷ್ಟ. ಅಂದಾಜಿಗಿಂತ ಜಾಸ್ತಿ ಬಂತು ಅಂದರೆ ಸುಲಿದ ಅಡಿಕೆ ಎಲ್ಲಿ ಹರವುವುದು? ಅಲ್ಲಿ ಬೇಕಾಗುವುದು “ಏನೇ ಆದರೂ ಇದಕ್ಕಿಂತ ಜಾಸ್ತಿ ಆಗುವುದಿಲ್ಲ” ಅನ್ನುವ ಲೆಕ್ಕ. ಒಂದು ಮರಕ್ಕೆ ಹೆಚ್ಚೆಂದರೆ ಐದು ಕೊನೆ. ಅದಕ್ಕಿಂತ ಜಾಸ್ತಿ ನಾನು ನೋಡಿಲ್ಲ. ಮರಗಳನ್ನು ಎಣಿಸಿ ಐದರಿಂದ ಗುಣಿಸಿದರೆ ಮುಗಿಯಿತು. ಯಾವ ವರ್ಷವೂ ಅಷ್ಟು ಬರುವುದಿಲ್ಲ. ಬರಬೇಕೆಂದೂ ಇಲ್ಲ.

ಇನ್ನೊಂದು ಇದೆ. ಸೊಸೈಟಿಯಲ್ಲಿ ಫಸಲಿನ ಮೇಲೆ ಮುಂಗಡ ಕೇಳಿದರೆ ಅವರಿಗೆ ಇವೆರಡೂ ಬೇಡ. ಕನಿಷ್ಠ ಎಷ್ಟು ಬಂದೇ ಬರುತ್ತದೆ ಎನ್ನುವುದು ಬೇಕು. ಒಂದೇ ತೋಟ, ಕೇಳುವವನು ಬದಲಾದ ಹಾಗೆ ಬೇರೆ ಸಂಖ್ಯೆ.

ಆಷಾಢದಲ್ಲಿ ಮಳೆ ಬಿಡದೆ ಹೊಡೆದು, ಬೋರ್ಡೋ ಔಷಧಿ ಹೊಡೆಯಲು ಹೊಳವೇ (ಮಳೆ ಬಿಡುವೇ) ಸಿಗದೆ ಕೊಳೆ ರೋಗ ಹತ್ತಿತು ಅನ್ನಿ. ಗುತ್ತಿಗೆಯವನ ಅಂದಾಜು ನೆಲ ಕಚ್ಚುತ್ತದೆ. ನನ್ನ ಅಟ್ಟದ ಲೆಕ್ಕಕ್ಕೆ ಏನೂ ಆಗುವುದಿಲ್ಲ. ಅದು ಆಗಲೂ ಸರಿ, ಈಗಲೂ ಸರಿ.

ಶಾಲ್ಮಲಾ (ಶಿರಸಿ)

ಇದನ್ನು ಕ್ಲಾಸಿನಲ್ಲಿ ಹೇಳುತ್ತೇನೆ, ಅಪ್ಪಣೆ ಇರಲಿ. ಆದರೆ ಒಂದು ಕಡೆ ನಿಮ್ಮನ್ನು ತಡೆಯಬೇಕು. “ಐದಕ್ಕಿಂತ ಜಾಸ್ತಿ ನಾನು ನೋಡಿಲ್ಲ” ಎಂದಿರಿ. ನೋಡದೇ ಇರುವುದು ಮೇಲ್ಮಿತಿ ಆಗುವುದಿಲ್ಲ. ಅದು ಇಲ್ಲಿಯವರೆಗಿನ ದಾಖಲೆ, ಅಷ್ಟೇ.

ಗಣಿತದಲ್ಲಿ ಇದಕ್ಕೊಂದು ಒಳ್ಳೆಯ ಕತೆ ಇದೆ. ಒಂದು ಸಂಖ್ಯೆಯ ತನಕ ಎಷ್ಟು ಅವಿಭಾಜ್ಯಗಳಿವೆ ಎಂದು ಅಂದಾಜು ಮಾಡುವ ದಾರಿಯನ್ನು ಗೌಸ್ ಹುಡುಗನಾಗಿದ್ದಾಗಲೇ ಕಂಡುಕೊಂಡಿದ್ದ. ಅದು ಬಹಳ ಚೆನ್ನಾದ ಅಂದಾಜು. 10 ಲಕ್ಷದ ತನಕ ನಿಜವಾಗಿ ಇರುವುದು 78,498. ಅಂದಾಜು ಹೇಳುವುದು 78,628. 100 ಕೋಟಿಯ ತನಕ ಇರುವುದು 5,08,47,534. ಅಂದಾಜು 5,08,49,235. ಗಮನಿಸಿ, ಎರಡೂ ಸಲ ಅಂದಾಜು ಚೂರು ಜಾಸ್ತಿಯೇ. ಎಣಿಸಿದಲ್ಲೆಲ್ಲ ಹಾಗೆಯೇ. ಯಾರಿಗಾದರೂ ಏನನ್ನಿಸುತ್ತದೆ? ಈ ಅಂದಾಜು ಯಾವಾಗಲೂ ಮೇಲೆಯೇ ಇರುತ್ತದೆ, ಹಾಗಾಗಿ ಇದೇ ಮೇಲ್ಮಿತಿ.

1914ರಲ್ಲಿ ಲಿಟಲ್‌ವುಡ್ ಅದು ಸುಳ್ಳೆಂದು ಸಾಬೀತು ಮಾಡಿದರು. ಎಲ್ಲೋ ಒಂದು ಕಡೆ ನಿಜವಾದ ಸಂಖ್ಯೆ ಅಂದಾಜನ್ನು ದಾಟುತ್ತದೆ. ಒಂದು ಸಲ ಅಲ್ಲ, ಲೆಕ್ಕವಿಲ್ಲದಷ್ಟು ಸಲ. ಎಲ್ಲಿ ಎಂದು ಅವರು ಹೇಳಲಿಲ್ಲ. 1933ರಲ್ಲಿ ಅವರ ಶಿಷ್ಯ ಸ್ಕ್ಯೂಸ್, ಇನ್ನೂ ಸಾಬೀತಾಗದ ರೀಮಾನ್ ಊಹೆ ನಿಜವೆಂದು ಇಟ್ಟುಕೊಂಡು, ಮೊದಲ ದಾಟು ಇಷ್ಟರ ಒಳಗೆ ಆಗಲೇಬೇಕು ಎಂದು ಒಂದು ಮಿತಿ ಕೊಟ್ಟರು. ಆ ಮಿತಿಯನ್ನು ಅಂಕಿಗಳಲ್ಲಿ ಬರೆಯಲು ಈ ವಿಶ್ವದ ಅಣುಗಳೂ ಸಾಲುವುದಿಲ್ಲ. ಈಗ ಅದು 317 ಅಂಕಿಗಳ ಒಂದು ಸಂಖ್ಯೆಗೆ ಇಳಿದಿದೆ. ಒಂದೇ ಒಂದು ದಾಟನ್ನೂ ಇವತ್ತಿನ ತನಕ ಯಾರೂ ಕಣ್ಣಾರೆ ಕಂಡಿಲ್ಲ.

ಕೂರ್ಮಗಡದವರಿಗೆ ಉತ್ತರ: ನಿಮ್ಮ ವಯಸ್ಸಿಗೆ ಮಿತಿ ಇದೆ ಎಂದು ಮೊದಲೇ ಎಲ್ಲರಿಗೂ ಗೊತ್ತು. ಅಲ್ಲಿ 1000 ಎಂದರೆ ಹೊಸದೇನೂ ಇಲ್ಲ. ಝಾಂಗ್‌ಗಿಂತ ಮೊದಲು ಮಿತಿ ಇದೆಯೋ ಇಲ್ಲವೋ ಅನ್ನುವುದೇ ಪ್ರಶ್ನೆ. ಸ್ಕ್ಯೂಸ್ ವಿಷಯದಲ್ಲೂ ಹಾಗೆಯೇ. “ಎಲ್ಲೋ ಇದೆ” ಅನ್ನುವುದರಿಂದ “ಇಷ್ಟರೊಳಗೆ ಇದೆ” ಅನ್ನುವಲ್ಲಿಗೆ ಬರುವುದು ದೊಡ್ಡ ಹೆಜ್ಜೆ. ಆಮೇಲೆ ಇಳಿಸುವುದು ಶ್ರಮದ ಕೆಲಸ, ಅದನ್ನು ತುಂಬಾ ಜನ ಮಾಡುತ್ತಾರೆ.

ಬೆಟ್ಟೆ ಅಡಿಕೆ (ಸಿದ್ದಾಪುರ)

ಮೇಷ್ಟ್ರು ಹಿಡಿದು ಹಾಕಿದರು! ಸರಿ, ಹಾಗಾದರೆ ಇದನ್ನು ನೋಡಿ. ಅಡಿಕೆ ಮರದಲ್ಲಿ ಹಿಂಗಾರ, ಅಂದರೆ ಮುಂದೆ ಕೊನೆಯಾಗುವ ಹೂಗೊಂಚಲು, ಹೊರಡುವುದು ಸೋಗೆಯ ಬುಡದಲ್ಲಿ. ಒಂದು ಸೋಗೆಗೆ ಒಂದೇ ಹಿಂಗಾರ. ಸೋಗೆ ತನ್ನ ಬುಡದ ಹಾಳೆ ಸಮೇತ ಕಳಚಿ ಬಿದ್ದ ಮೇಲೆ ಅಲ್ಲಿಂದ ಹಿಂಗಾರ ಬಿಚ್ಚುತ್ತದೆ. ವರ್ಷಕ್ಕೆ ಮರ ಆರೇಳು ಸೋಗೆ ಉದುರಿಸುತ್ತದೆ. ಅಂದ ಮೇಲೆ ಉದುರಿದ ಹಾಳೆಗಿಂತ ಕೊನೆ ಜಾಸ್ತಿ ಇರಲು ಸಾಧ್ಯವೇ ಇಲ್ಲ. ನೋಡಿದ್ದೇನೋ ಇಲ್ಲವೋ ಅನ್ನುವ ಮಾತೇ ಬರುವುದಿಲ್ಲ. ಇದು ಮೇಲ್ಮಿತಿ ಹೌದೋ ಅಲ್ಲವೋ?

ಶಾಲ್ಮಲಾ (ಶಿರಸಿ)

ಹೌದು, ಹೌದು. ಇದೇ ಪುರಾವೆ ಅಂದರೆ. ಐದರ ಜಾಗದಲ್ಲಿ ಏಳು ಬಂತು, ಮಿತಿ ಸಡಿಲವಾಯಿತು, ಆದರೆ ಈಗ ಅದಕ್ಕೆ ಕಾರಣ ಇದೆ. ಐದರ ಹಿಂದೆ ಇದ್ದದ್ದು ಬರೀ ಅನುಭವ.

ಕಾಳಿತೀರ (ಸದಾಶಿವಗಡ)

ನಿವೃತ್ತ ಇಂಜಿನಿಯರ್ ನಾನು. ಕೂರ್ಮಗಡದವರು ಬಿಲ್ ಎಸ್ಟಿಮೇಟ್ ಬಗ್ಗೆ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಸಿಮೆಂಟ್ ಎಷ್ಟು ಬೇಕು ಅನ್ನುವಾಗ ಅಂದಾಜು ನಡೆಯುತ್ತದೆ. ಕಡಿಮೆ ಬಿದ್ದರೆ ಇನ್ನೊಂದು ಲೋಡ್ ತರಿಸಿದರಾಯಿತು. ನೀರಿನ ಕೆಲಸದಲ್ಲಿ ಹಾಗಲ್ಲ.

ನಮ್ಮ ಕಾಳಿ ನದಿಯನ್ನೇ ತಗೊಳ್ಳಿ. ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ, ಸಾಲಾಗಿ ಅಣೆಕಟ್ಟುಗಳು. ವರ್ಷಕ್ಕೆ ಎಷ್ಟು ವಿದ್ಯುತ್ ಸಿಗಬಹುದು ಎಂದು ಲೆಕ್ಕ ಹಾಕುವವನಿಗೆ ಒಳಹರಿವಿನ ಅಂದಾಜು ಸಾಕು. ಒಂದು ವರ್ಷ ಕಡಿಮೆ, ಒಂದು ವರ್ಷ ಜಾಸ್ತಿ, ಸರಾಸರಿಯಲ್ಲಿ ಸರಿ ಹೋಗುತ್ತದೆ. ಗೇಟುಗಳಿಂದ ಎಷ್ಟು ನೀರು ಹೊರಗೆ ಹೋಗುವಂತಿರಬೇಕು ಅನ್ನುವವನು ಸರಾಸರಿ ಹಿಡಿದು ಕೂತರೆ ಅಣೆಕಟ್ಟೇ ಹೋಗುತ್ತದೆ. ಅದಕ್ಕೇ 1985ರ ಭಾರತೀಯ ಮಾನಕ 11223ರಲ್ಲಿ ದೊಡ್ಡ ಅಣೆಕಟ್ಟುಗಳ ಕೋಡಿಯನ್ನು ಆ ಜಲಾನಯನದಲ್ಲಿ ಬರಬಹುದಾದ ಅತಿ ದೊಡ್ಡ ಪ್ರವಾಹಕ್ಕೆ ಕಟ್ಟಬೇಕು ಎಂದಿದೆ. ಸಣ್ಣ ಅಣೆಕಟ್ಟಿಗೆ ನೂರು ವರ್ಷದ ಪ್ರವಾಹ ಸಾಕು.

ಈ “ನೂರು ವರ್ಷದ ಪ್ರವಾಹ” ಅನ್ನುವುದನ್ನೇ ತುಂಬಾ ಜನ ಮೇಲ್ಮಿತಿ ಅಂದುಕೊಳ್ಳುತ್ತಾರೆ. ಒಂದು ಸಲ ಬಂದರೆ ಇನ್ನು ನೂರು ವರ್ಷ ಇಲ್ಲ ಎಂದುಕೊಂಡು ಹೊಳೆ ದಂಡೆಯಲ್ಲಿ ಮನೆ ಕಟ್ಟುತ್ತಾರೆ. ಅದರ ಅರ್ಥ ಯಾವುದೇ ವರ್ಷ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ನೀರು ಬರುವ ಸಾಧ್ಯತೆ ಶೇಕಡಾ 1. ಐವತ್ತು ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು ಶೇಕಡಾ 40. 2019ರ ಆಗಸ್ಟ್‌ನಲ್ಲಿ ಕದ್ರಾ ಗೇಟ್ ತೆಗೆದು ಕೆಳಗಿನ ಊರುಗಳಿಗೆ ನೀರು ನುಗ್ಗಿದ್ದು ಇಲ್ಲಿಯವರಿಗೆ ನೆನಪಿದೆ.

ಗುಜರಾತಿನ ಮೋರ್ಬಿಯಲ್ಲಿ 1979ರ ಆಗಸ್ಟ್ 11ರಂದು ಮಚ್ಛು ಎರಡನೇ ಅಣೆಕಟ್ಟು ಒಡೆಯಿತು. ಕೋಡಿಯನ್ನು ಎಷ್ಟಕ್ಕೆ ಕಟ್ಟಿದ್ದರೋ ಅದರ ಸುಮಾರು ಮೂರು ಪಟ್ಟು ನೀರು ಬಂದಿತ್ತು. ಸಾವಿರಾರು ಜನ ಸತ್ತರು. ಎಲ್ಲರೂ ಮೇಲ್ಮಿತಿ ಎಂದು ನಂಬಿದ್ದ ಸಂಖ್ಯೆ ಮೇಲ್ಮಿತಿ ಆಗಿರಲಿಲ್ಲ.

ಶಾಲ್ಮಲಾ (ಶಿರಸಿ)

ಸರ್, ಒಂದು ಅನುಮಾನ. “ಬರಬಹುದಾದ ಅತಿ ದೊಡ್ಡ ಪ್ರವಾಹ” ಅನ್ನುವುದನ್ನು ಸಾಬೀತು ಮಾಡುತ್ತೀರಾ, ಲೆಕ್ಕ ಹಾಕುತ್ತೀರಾ?

ಕಾಳಿತೀರ (ಸದಾಶಿವಗಡ)

ಒಳ್ಳೆ ಪ್ರಶ್ನೆ. ಸಾಬೀತು ಮಾಡುವುದಿಲ್ಲ. ಗಾಳಿಯಲ್ಲಿ ಹೆಚ್ಚೆಂದರೆ ಎಷ್ಟು ತೇವ ಇರಬಹುದು ಅನ್ನುವುದರಿಂದ ಶುರು ಮಾಡುತ್ತೇವೆ. ಇಲ್ಲಿಯ ತನಕ ಸುರಿದ ದೊಡ್ಡ ದೊಡ್ಡ ಮಳೆಗಳನ್ನು ಆ ತೇವಕ್ಕೆ ಹಿಗ್ಗಿಸುತ್ತೇವೆ. ಅಷ್ಟೂ ನೀರು ಅತಿ ಕೆಟ್ಟ ರೀತಿಯಲ್ಲಿ ಒಟ್ಟಿಗೆ ಬಂದರೆ ಏನಾಗುತ್ತದೆ ನೋಡುತ್ತೇವೆ. ಅದರಲ್ಲಿ ಊಹೆ ಇದೆ, ಅನುಭವ ಇದೆ. ಅಂದರೆ ಅದು ಮೇಲ್ಮಿತಿಯ ಅಂದಾಜು. ಹೊಸ ದೊಡ್ಡ ಮಳೆ ಬಂದರೆ ತಿದ್ದಬೇಕಾಗುತ್ತದೆ. ನಿಮ್ಮ 7 ಕೋಟಿಯ ಹಾಗೆ ಶಾಶ್ವತ ಅಲ್ಲ. ನಮ್ಮ ಎಷ್ಟೋ ಇಂಜಿನಿಯರ್‌ಗಳೇ ಈ ವ್ಯತ್ಯಾಸ ಮರೆಯುತ್ತಾರೆ ಅನ್ನುವುದು ನನ್ನ ಬೇಜಾರು.

ಯಾಣದ ಬಂಡೆ (ಕುಮಟಾ)

ಭೌತವಿಜ್ಞಾನದಲ್ಲೂ ಇದೇ ಕತೆ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಕ್ಯಾಟ್ರಿನ್ ಎಂಬ ಪ್ರಯೋಗ ನ್ಯೂಟ್ರಿನೊ ಎಂಬ ಅತಿ ಹಗುರ ಕಣದ ತೂಕ ಅಳೆಯಲು ನಡೆದಿದೆ. 2022ರಲ್ಲಿ 0.8 ಎಲೆಕ್ಟ್ರಾನ್ ವೋಲ್ಟ್‌ಗಿಂತ (ಕಣಗಳ ತೂಕ ಹೇಳುವ ಅಳತೆ) ಕಡಿಮೆ ಎಂದರು. 2025ರಲ್ಲಿ 0.45ಕ್ಕಿಂತ ಕಡಿಮೆ ಎಂದರು. ಇದನ್ನು ಓದಿ “ನ್ಯೂಟ್ರಿನೊ ತೂಕ 0.45” ಎಂದು ಹೇಳಿದರೆ ಪೂರ್ತಿ ತಪ್ಪು. ಅವರು ತೂಕ ಕಂಡುಹಿಡಿದಿಲ್ಲ, ಬೇಲಿ ಒಳಗೆ ಸರಿಸಿದ್ದಾರೆ. ನ್ಯೂಟ್ರಿನೊಗಳು ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಗುವುದನ್ನು ನೋಡಿ, ಮೂರರಲ್ಲಿ ಒಂದಾದರೂ ಸುಮಾರು 0.05ಕ್ಕಿಂತ ಭಾರ ಇರಬೇಕು ಎಂಬ ಕೆಳಮಿತಿಯೂ ಗೊತ್ತಾಗಿದೆ. ಉತ್ತರ ಎಲ್ಲೋ ನಡುವೆ.

ಆದರೆ ಈ 0.45ಕ್ಕೆ ಶೇಕಡಾ 90ರ ಭರವಸೆ ಅಷ್ಟೇ. ಇದೂ ಕಾಳಿತೀರ ಸರ್ ಹೇಳಿದ ಜಾತಿಯದ್ದೇ.

ಅಘನಾಶಿನಿ (ಕುಮಟಾ)

ಸಿಗಡಿ ವ್ಯಾಪಾರದವನು ನಾನು. ಇದನ್ನು ಓದುತ್ತಾ ಒಂದು ಪ್ರಶ್ನೆ ಬಂತು. ಒಂದು ಲಾಟ್‌ನಿಂದ 60 ಸ್ಯಾಂಪಲ್ ಪರೀಕ್ಷೆಗೆ ಕಳಿಸಿದೆವು ಅನ್ನಿ. ಒಂದರಲ್ಲೂ ದೋಷ ಇಲ್ಲ. ಹಾಗಾದರೆ ದೋಷ ಸೊನ್ನೆ ಎಂದು ಬರೆದುಕೊಡಬಹುದಾ?

ಶಾಲ್ಮಲಾ (ಶಿರಸಿ)

ಅಂದಾಜು ಸೊನ್ನೆ. ಮೇಲ್ಮಿತಿ ಸೊನ್ನೆ ಅಲ್ಲ. ಲಾಟ್‌ನಲ್ಲಿ ನಿಜವಾಗಿ ಶೇಕಡಾ 5 ದೋಷ ಇದೆ ಎಂದುಕೊಳ್ಳಿ. ಆಗ ಒಂದು ಸ್ಯಾಂಪಲ್ ಒಳ್ಳೆಯದು ಸಿಗುವ ಸಾಧ್ಯತೆ 0.95. ಅರವತ್ತೂ ಒಳ್ಳೆಯದೇ ಸಿಗುವುದು 0.95 ಅನ್ನು 60 ಸಲ ಗುಣಿಸಿದಷ್ಟು, ಅಂದರೆ 0.046. ನೂರಕ್ಕೆ ಐದು ಸಲವೂ ಹಾಗಾಗುವುದಿಲ್ಲ. ಹಾಗಾಗಿ “ದೋಷ ಶೇಕಡಾ 5ಕ್ಕಿಂತ ಕಡಿಮೆ” ಎಂದು 95ರ ಭರವಸೆಯಲ್ಲಿ ಹೇಳಬಹುದು. ಸುಲಭ ದಾರಿ: ಒಂದೂ ದೋಷ ಸಿಗದಿದ್ದರೆ 3 ಅನ್ನು ಸ್ಯಾಂಪಲ್ ಸಂಖ್ಯೆಯಿಂದ ಭಾಗಿಸಿ. 60ಕ್ಕೆ ಶೇಕಡಾ 5, 300ಕ್ಕೆ ಶೇಕಡಾ 1. ಹೊಸ ಔಷಧಿಯಲ್ಲಿ “ಅಡ್ಡ ಪರಿಣಾಮ ಕಂಡುಬಂದಿಲ್ಲ” ಎಂದರೂ ಎಷ್ಟು ಜನರ ಮೇಲೆ ನೋಡಿದ್ದಾರೆ ಎಂದು ಕೇಳಬೇಕು. ಸ್ಯಾಂಪಲ್‌ಗಳನ್ನು ಲಾಟ್‌ನ ಎಲ್ಲ ಕಡೆಯಿಂದ ತೆಗೆದಿರಬೇಕು, ಮೇಲಿನ ಕ್ರೇಟಿನಿಂದಲೇ ಅಲ್ಲ. ಇದನ್ನು ನಿಮಗೆ ಹೇಳಬೇಕಾಗಿಲ್ಲ.

ಅಘನಾಶಿನಿ (ಕುಮಟಾ)

ಹೇಳಬೇಕಾದವರು ಬೇರೆ ಇದ್ದಾರೆ, ಬಿಡಿ. ಈ ಮೂರರ ಲೆಕ್ಕ ಗೋಡೆ ಮೇಲೆ ಬರೆದು ಹಾಕುತ್ತೇನೆ.

ಯಾಣದ ಬಂಡೆ (ಕುಮಟಾ)

ಯಾರೂ ಗ್ರಹಾಂ ಸಂಖ್ಯೆ ಎತ್ತಲಿಲ್ಲ! ಯಾವುದೋ ಆಯಾಮದ ಘನದ ಮೂಲೆಗಳನ್ನು ಜೋಡಿಸುವ ಗೆರೆಗಳಿಗೆ ಎರಡು ಬಣ್ಣ ಹಚ್ಚುವ ಒಂದು ಲೆಕ್ಕ, ಅದರ ಉತ್ತರ (ಎಷ್ಟು ಆಯಾಮ ಅನ್ನುವುದು) ಇದನ್ನು ದಾಟುವುದಿಲ್ಲ ಅನ್ನುವ ಮೇಲ್ಮಿತಿ ಅದು. ಗಿನ್ನೆಸ್ ಪುಸ್ತಕದವರು 1980ರಲ್ಲಿ ಗಣಿತದ ಪುರಾವೆಯಲ್ಲಿ ಬಳಕೆಯಾದ ಅತಿ ದೊಡ್ಡ ಸಂಖ್ಯೆ ಎಂದು ಹಾಕಿದ್ದರು. ಉತ್ತರ ಕನಿಷ್ಠ 13 ಎಂದು ಗೊತ್ತು. ಆಮೇಲೆ ಮೇಲ್ಮಿತಿಯನ್ನು ತುಂಬಾ ಇಳಿಸಿದ್ದಾರೆ, ಆದರೂ ಬರೆಯಲಾಗದಷ್ಟು ದೊಡ್ಡದು. ನಿಜವಾದ ಉತ್ತರ 13 ಇದ್ದರೂ ಇರಬಹುದು.

ಬೆಟ್ಟೆ ಅಡಿಕೆ (ಸಿದ್ದಾಪುರ)

13 ಕ್ವಿಂಟಲ್ ಅಡಿಕೆಗೆ ಇಡೀ ಜಿಲ್ಲೆಗೆ ಅಟ್ಟ ಹಾಕಿದ ಹಾಗಾಯಿತು 😄

ಮೇಷ್ಟ್ರೇ, ಸೊಸೈಟಿಯವರ ಕನಿಷ್ಠದ ಲೆಕ್ಕ ಹೇಳಲೇ ಇಲ್ಲ ನೀವು. ಮರದ ಮೇಲಿನ ಫಸಲಿಗೆ ಖಾತ್ರಿ ಕೆಳಮಿತಿ ಎಷ್ಟು?

ಶಾಲ್ಮಲಾ (ಶಿರಸಿ)

ಕೊಳೆ ಇರುವ ಊರಿನಲ್ಲಿ ಖಾತ್ರಿ ಕೆಳಮಿತಿ ಸೊನ್ನೆ. ಅದನ್ನು ಹಿಡಿದರೆ ಯಾರಿಗೂ ಸಾಲ ಹುಟ್ಟುವುದಿಲ್ಲ. ಹಾಗಾಗಿ ಸಾಲ ಕೊಡುವವರು ಅಂದಾಜಿನಲ್ಲಿ ಒಂದು ಪಾಲು ಕತ್ತರಿಸಿ ಕೊಡುತ್ತಾರೆ. ಅದು ಗಣಿತ ಅಲ್ಲ, ಧೈರ್ಯ.

ಕೂರ್ಮಗಡ (ಕಾರವಾರ)

ಸರಿ ಮೇಷ್ಟ್ರೇ, 7 ಕೋಟಿಯ ಮೇಲಿನ ನನ್ನ ತಕರಾರು ವಾಪಸ್. ಕೊನೆಯದೊಂದು ಕೇಳುತ್ತೇನೆ, ಮಗಳಿಗೂ ಬೇಕಂತೆ. ಒಂದೇ ವರ್ಷದಲ್ಲಿ 7 ಕೋಟಿ 246 ಆಯಿತು. ಹೀಗೇ ಇಳಿಸುತ್ತಾ ಹೋದರೆ 2 ಯಾವಾಗ?

ಶಾಲ್ಮಲಾ (ಶಿರಸಿ)

ಹೀಗೇ ಇಳಿಸಿದರೆ 2ಕ್ಕೆ ಬರುವುದೇ ಇಲ್ಲ. ಎಲಿಯಟ್ ಮತ್ತು ಹಾಲ್ಬರ್‌ಸ್ಟಾಮ್ ಅವರ ಇನ್ನೂ ಸಾಬೀತಾಗದ ಒಂದು ಊಹೆಯನ್ನು ನಿಜವೆಂದು ಇಟ್ಟುಕೊಂಡರೆ ಮೇನಾರ್ಡ್ ದಾರಿಯಲ್ಲಿ 12 ಸಿಗುತ್ತದೆ. ಅದೇ ಊಹೆಯ ಇನ್ನೂ ಬಲವಾದ ರೂಪ ತಗೊಂಡರೆ 6. ಅಲ್ಲಿಗೆ ಈ ದಾರಿ ಮುಗಿಯುತ್ತದೆ. ಇದೆಲ್ಲ ನಿಂತಿರುವ ಜರಡಿ ವಿಧಾನಕ್ಕೆ ಒಂದು ಹುಟ್ಟು ದೋಷ ಇದೆ. ಒಂದು ಸಂಖ್ಯೆಗೆ ಇರುವ ಅವಿಭಾಜ್ಯ ಅಪವರ್ತನಗಳ ಎಣಿಕೆ ಸಮವೋ ಬೆಸವೋ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ದಾಟದೆ 6ರ ಕೆಳಗೆ ಹೋಗಲಾಗದು. ಯಾವ ಊಹೆಯನ್ನೂ ಇಟ್ಟುಕೊಳ್ಳದೆ ಸಾಬೀತಾಗಿರುವುದು ಈಗಲೂ 246. ಮಗಳ ಸೆಮಿನಾರ್‌ನಲ್ಲಿ ಇದನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ, 12 ಮತ್ತು 6 ಎರಡರ ಮುಂದೆಯೂ “ಊಹೆ ನಿಜವಾದರೆ” ಎಂದು ಸೇರಿಸಲು ಹೇಳಿ.